24ಕ್ಕೆ ಇಟ್ಟು ಕೈ ತೆಗೆಯಿರಿ: ಪಿಕಪ್‌ನ ಆಟೊ ಎಸಿಗೆ ಸೂತ್ರಗಳು

ನಮ್ಮ ಊರುಗಳಲ್ಲಿ ಸರಕು ಹೊರುವ ಸಣ್ಣ ಪಿಕಪ್‌ಗಳಿಗೆ ಎಸಿ ಇದ್ದರೂ ಅದು ಸಾಮಾನ್ಯವಾಗಿ ನಾಬ್ ತಿರುಗಿಸುವ ಎಸಿ. ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಬೇಕೆಂದರೆ ಇಸುಜು ವಿ-ಕ್ರಾಸ್ ಅಥವಾ 2022ರಲ್ಲಿ ಭಾರತಕ್ಕೆ ಬಂದ ಟೊಯೊಟಾ ಹೈಲಕ್ಸ್‌ನ ಮೇಲಿನ ಶ್ರೇಣಿಗಳಿಗೆ ಹೋಗಬೇಕು. ಟೆಕ್ಸಸ್, ಅರಿಜೋನಾ ಕಡೆ ನೆಲೆಸಿರುವ ಕನ್ನಡಿಗರಿಗಾದರೆ ಫೋರ್ಡ್ ಎಫ್-150, ಶೆವರ್ಲೆ ಸಿಲ್ವರಾಡೊದಂಥ ಗಾಡಿಗಳಲ್ಲಿ ಇದು ಹಳೆಯ ಪರಿಚಯ. ಗಾಡಿ ಯಾವುದಾದರೂ ದೂರು ಒಂದೇ: ‘ಆಟೊದಲ್ಲಿ ಹಾಕಿದರೆ ಸರಿಯಾಗಿ ತಂಪಾಗಲ್ಲ, ತನಗೆ ತೋಚಿದ ಹಾಗೆ ಗಾಳಿ ಬಿಡುತ್ತೆ.’

ತೋಚಿದ ಹಾಗೆ ಅದು ಏನೂ ಮಾಡುವುದಿಲ್ಲ. ನಾಲ್ಕಾರು ಸೆನ್ಸರ್‌ಗಳು ಹೇಳಿದ್ದನ್ನು ನಂಬಿ ಲೆಕ್ಕ ಹಾಕುತ್ತದೆ. ಆದರೆ ಪಿಕಪ್ ದುಡಿಯುವ ಗಾಡಿ. ಕೆಸರು, ಧೂಳು, ಲೋಡು, ಸೀಟಿನ ಹಿಂದೆ ತುರುಕಿದ ಚೀಲ ಎಲ್ಲವೂ ಸೇರಿ ಆ ಸೆನ್ಸರ್‌ಗಳಿಗೆ ಸುಳ್ಳು ಹೇಳಿಸುತ್ತವೆ, ಗಾಳಿಯ ದಾರಿ ಮುಚ್ಚುತ್ತವೆ. ಅದನ್ನು ತಪ್ಪಿಸಿದರೆ ಮುಕ್ಕಾಲು ದೂರು ಮುಗಿಯುತ್ತದೆ.

1. 24ಕ್ಕೆ ಇಡಿ, ಬಿಟ್ಟುಬಿಡಿ.
ಪರದೆಯ ಮೇಲಿನ 24 ಎಂದರೆ ವೆಂಟ್‌ನಿಂದ 24 ಡಿಗ್ರಿಯ ಗಾಳಿ ಬರುತ್ತದೆ ಎಂದಲ್ಲ. ಕ್ಯಾಬಿನ್ ಆ ಮಟ್ಟಕ್ಕೆ ಬರಬೇಕು ಎಂಬ ಗುರಿ ಅದು. ಬಿಸಿಲಲ್ಲಿ ನಿಂತು ಕ್ಯಾಬಿನ್ 50 ಡಿಗ್ರಿ ದಾಟಿರುವಾಗ 18ಕ್ಕೆ ಇಟ್ಟರೂ 24ಕ್ಕೆ ಇಟ್ಟರೂ ಕಂಪ್ರೆಸರ್, ಬ್ಲೋಯರ್ ಎರಡೂ ಇರುವ ಶಕ್ತಿಯನ್ನೆಲ್ಲ ಹಾಕುತ್ತವೆ. ಮೊದಲ ನಿಮಿಷಗಳಲ್ಲಿ ತಣಿಯುವ ವೇಗದಲ್ಲಿ ವ್ಯತ್ಯಾಸ ಇಲ್ಲ. 18ಕ್ಕೆ ಇಟ್ಟವರು ಆಮೇಲೆ ಚಳಿಯಾಗಿ 27ಕ್ಕೆ ಏರಿಸುತ್ತಾರೆ, ಸೆಕೆಯಾಗಿ ಮತ್ತೆ ಇಳಿಸುತ್ತಾರೆ, ಇಡೀ ದಾರಿ ಬಟನ್ ಒತ್ತುತ್ತಲೇ ಇರುತ್ತಾರೆ. ಬದಲಿಸಲೇಬೇಕೆನಿಸಿದರೆ ಒಂದು ಡಿಗ್ರಿ ಬದಲಿಸಿ ನಾಲ್ಕೈದು ನಿಮಿಷ ಕಾಯಿರಿ.

ಗುರಿ ಹೇಳಿದರೆ ಸಾಕು, ಬಿಸಿ ತಂಪು ಎರಡನ್ನೂ ತಾನೇ ಹದಗೊಳಿಸುವ ಈ ಏರ್ಪಾಡು 1964ರ ಕ್ಯಾಡಿಲಾಕ್‌ನಲ್ಲಿ ‘ಕಂಫರ್ಟ್ ಕಂಟ್ರೋಲ್’ ಎಂಬ ಹೆಸರಿನಲ್ಲಿ ಬಂತು. ಮೂಲ ತತ್ವ ಇವತ್ತಿಗೂ ಅದೇ. ಆದರೆ ಕೊನೆಯ ತುದಿಯ ‘ಲೋ’ ಮತ್ತು ‘ಹೈ’ಗೆ ಈ ತತ್ವ ಅನ್ವಯಿಸುವುದಿಲ್ಲ. ಅಲ್ಲಿ ಲೆಕ್ಕಾಚಾರ ನಿಂತು ಪೂರ್ತಿ ತಂಪು ಅಥವಾ ಪೂರ್ತಿ ಬಿಸಿ ಮಾತ್ರ ಬರುತ್ತದೆ. ‘ಲೋ’ದಲ್ಲೇ ಇಟ್ಟು ಓಡಿಸುವವರು ಆಟೊ ಎಸಿಗೆ ಕೊಟ್ಟ ಹಣವನ್ನು ಬಳಸುತ್ತಲೇ ಇಲ್ಲ.

2. ಮೊದಲು ಬಿಸಿಗಾಳಿಯನ್ನು ಹೊರಗೆ ಕಳಿಸಿ.
ನಾಲ್ಕೂ ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ, ಆಮೇಲೆ ಏರಿಸಿ. ಹೊರಗೆ 36 ಡಿಗ್ರಿ ಇದ್ದರೂ ಒಳಗಿನ 55ಕ್ಕಿಂತ ಅದೇ ತಂಪು.

3. ಡ್ಯಾಶ್‌ಬೋರ್ಡ್ ಖಾಲಿ ಇರಲಿ.
ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡ್ ಮೇಲೆ ಸಣ್ಣ ಕಪ್ಪು ಗುಳ್ಳೆಯಂಥದ್ದು ಇರುತ್ತದಲ್ಲ, ಅನೇಕ ಗಾಡಿಗಳಲ್ಲಿ ಅದೇ ಬಿಸಿಲಿನ ಸೆನ್ಸರ್. ಬಿಸಿಲು ಎಷ್ಟು ಬೀಳುತ್ತಿದೆ ಎಂದು ಅದು ಹೇಳಿದ ಮೇಲೆಯೇ ಬ್ಲೋಯರ್‌ನ ವೇಗ ನಿರ್ಧಾರವಾಗುವುದು. ಅದರ ಮೇಲೆ ಟವೆಲ್, ಬಿಲ್ ಪುಸ್ತಕ, ಟೋಲ್ ಚೀಟಿ ಬಿದ್ದಿದ್ದರೆ ಗಾಡಿ ನೆರಳಲ್ಲಿದೆ ಎಂದೇ ಲೆಕ್ಕ. ದೇವರ ಮೂರ್ತಿ ಇಡುವುದಾದರೆ ಈ ಗುಳ್ಳೆಯನ್ನು ಬಿಟ್ಟು ಪಕ್ಕಕ್ಕೆ ಇಡಿ.

ಇನ್ನೊಂದು ಸೆನ್ಸರ್ ಸ್ಟೀರಿಂಗ್ ಹತ್ತಿರ, ಬೆರಳಗಲದ ಜಾಲರಿಯ ಹಿಂದೆ ಇರುತ್ತದೆ. ಕ್ಯಾಬಿನ್ನಿನ ಗಾಳಿಯನ್ನು ಚೂರುಚೂರೇ ಎಳೆದುಕೊಂಡು ಒಳಗಿನ ಉಷ್ಣಾಂಶ ಅಳೆಯುವುದು ಅದರ ಕೆಲಸ. ತೋಟದ ಧೂಳು, ನಾಯಿಯ ಕೂದಲು ಅಲ್ಲಿ ಕಟ್ಟಿಕೊಂಡರೆ ಅದು ಅಳೆಯುವುದು ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನ ಬಿಸಿಯನ್ನು. ಆಗ ಇದ್ದಕ್ಕಿದ್ದಂತೆ ಬ್ಲೋಯರ್ ಏರುವುದು, ಇಳಿಯುವುದು ಶುರು. ಮೃದುವಾದ ಬ್ರಷ್‌ನಿಂದ ತಿಂಗಳಿಗೊಮ್ಮೆ ಜಾಲರಿ ಒರೆಸಿ.

4. ಹಿಂದಿನ ಸೀಟಿನ ಬೆನ್ನಿಗೆ ಏನೂ ತುರುಕಬೇಡಿ.
ಇದು ಪಿಕಪ್‌ಗೇ ವಿಶೇಷವಾದ ಮಾತು, ಬಹಳ ಜನರಿಗೆ ಗೊತ್ತಿಲ್ಲದ್ದು ಕೂಡ. ಒಳಗೆ ಗಾಳಿ ಬರಬೇಕಾದರೆ ಒಳಗಿನ ಗಾಳಿಗೆ ಹೊರಹೋಗಲು ದಾರಿ ಬೇಕು. ಕಾರಿನಲ್ಲಿ ಆ ಕಿಂಡಿಗಳು ಡಿಕ್ಕಿಯ ಬದಿಗಳಲ್ಲಿ, ಬಂಪರ್‌ನ ಹಿಂದೆ ಅಡಗಿರುತ್ತವೆ. ಪಿಕಪ್‌ಗೆ ಡಿಕ್ಕಿ ಇಲ್ಲ. ಕ್ಯಾಬಿನ್ ಮುಗಿದಲ್ಲೇ ಲೋಹದ ಗೋಡೆ. ಹಾಗಾಗಿ ಹಲವು ಗಾಡಿಗಳಲ್ಲಿ ಈ ಕಿಂಡಿಗಳನ್ನು ಹಿಂದಿನ ಸೀಟಿನ ಬೆನ್ನಿನ ಹಿಂಭಾಗದ ಗೋಡೆಯಲ್ಲೇ ಕೊಟ್ಟಿರುತ್ತಾರೆ. ಒಂದೇ ದಿಕ್ಕಿಗೆ ತೆರೆಯುವ ರಬ್ಬರ್ ರೆಕ್ಕೆಗಳಿರುವ ಕಿಂಡಿಗಳು ಅವು.

ನಾವು ಮಾಡುವುದೇನು? ಜಾಕ್, ಹಗ್ಗ, ರೈನ್‌ಕೋಟ್, ಗೊಬ್ಬರದ ಖಾಲಿ ಚೀಲ ಎಲ್ಲವನ್ನೂ ಅಲ್ಲಿಗೇ ಒತ್ತುತ್ತೇವೆ. ಗಾಳಿ ಹೋಗಲು ದಾರಿಯಿಲ್ಲದೆ ವೆಂಟ್‌ನ ಹರಿವು ಸೊರಗುತ್ತದೆ, ಗಾಜು ಬೇಗ ಮಸುಕಾಗುತ್ತದೆ, ಬಾಗಿಲು ಹಾಕಲು ಜೋರು ಬೇಕಾಗುತ್ತದೆ. ಬ್ಲೋಯರ್ ಮೋಟಾರ್ ಕೆಟ್ಟಿದೆ ಎಂದು ಬಿಚ್ಚಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಹೊರಗಾಳಿಯ ಮೋಡ್‌ನಲ್ಲಿ ಬ್ಲೋಯರ್ ಜೋರಾಗಿಟ್ಟು ಒಂದು ಕಿಟಕಿಯನ್ನು ಎರಡು ಬೆರಳು ಇಳಿಸಿ. ವೆಂಟ್‌ನ ಗಾಳಿ ತಟ್ಟನೆ ಹೆಚ್ಚಾದರೆ ಮೋಟಾರ್ ಚೆನ್ನಾಗಿದೆ, ಹಿಂದಿನ ಕಿಂಡಿ ಮುಚ್ಚಿದೆ. ಆ ರಬ್ಬರ್ ರೆಕ್ಕೆ ಹರಿದಿದ್ದರೆ ಧೂಳು ಅಲ್ಲಿಂದಲೇ ಒಳಬರುತ್ತದೆ, ಬದಲಿಸಿ.

5. ಹಿಂದೆ ಕೂತವರನ್ನು ಕೇಳಿ.
ಸೆನ್ಸರ್‌ಗಳೆಲ್ಲ ಮುಂದೆಯೇ ಇವೆ. ಡ್ರೈವರ್ ಹತ್ತಿರ 24 ಆದ ಕೂಡಲೇ ಬ್ಲೋಯರ್ ಇಳಿಯುತ್ತದೆ. ಡಬಲ್ ಕ್ಯಾಬ್‌ನ ಹಿಂದಿನ ಸೀಟಿನವರಿಗೋ ನೆಟ್ಟಗೆ ನಿಂತ ದೊಡ್ಡ ಗಾಜು ಕುತ್ತಿಗೆಯ ಹಿಂದೆಯೇ ಇರುತ್ತದೆ. ಬಿಸಿಲು ಹಿಂದಿನಿಂದ ಬಿದ್ದರೆ ಮುಂದಿನ ಸೆನ್ಸರ್‌ಗೆ ಅದರ ಪೂರ್ತಿ ತಾಪ ತಿಳಿಯದು. ಮಧ್ಯದ ಎರಡು ವೆಂಟ್‌ಗಳನ್ನು ಸ್ವಲ್ಪ ಮೇಲಕ್ಕೆತ್ತಿ ಸೀಟುಗಳ ನಡುವೆ ಹಿಂದಕ್ಕೆ ಹರಿಯುವಂತೆ ತಿರುಗಿಸಿ. ಅಜ್ಜ, ಅಜ್ಜಿ, ಮಕ್ಕಳು ಹಿಂದಿದ್ದಾರೆಂದರೆ ಬ್ಲೋಯರ್ ಮಾತ್ರ ಕೈಯಿಂದ ಒಂದು ಹಂತ ಏರಿಸಿ. ಹಲವು ಗಾಡಿಗಳಲ್ಲಿ ಬ್ಲೋಯರ್ ಮುಟ್ಟಿದರೂ ಉಷ್ಣಾಂಶದ ಲೆಕ್ಕ ಆಟೊದಲ್ಲೇ ಉಳಿಯುತ್ತದೆ.

6. ಘಾಟಿಯ ಮಳೆಯಲ್ಲಿ ಎಸಿ ಆರಿಸಬೇಡಿ.
ಚಾರ್ಮಾಡಿ, ಶಿರಾಡಿ, ಆಗುಂಬೆ. ಮಳೆ, ಚಳಿ, ಒದ್ದೆ ಬಟ್ಟೆಯ ಐದು ಜನ. ‘ಚಳಿಗೆ ಎಸಿ ಯಾಕೆ’ ಎಂದು ಆರಿಸಿದ ಕೂಡಲೇ ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟುತ್ತದೆ. ಎಸಿಯ ಕೆಲಸ ತಣಿಸುವುದಷ್ಟೇ ಅಲ್ಲ, ಗಾಳಿಯ ತೇವ ಹಿಂಡುವುದೂ ಹೌದು. ಸಾಮಾನ್ಯ ಆಟೊ ಎಸಿಯಲ್ಲಿ ಗಾಳಿ ಮೊದಲು ಎಸಿ ಕಾಯಿಲ್ ಹಾದು ಒಣಗಿ, ಬೇಕಾದಷ್ಟು ಭಾಗ ಹೀಟರ್ ಹಾದು ಬಿಸಿಯಾಗಿ, ಎರಡೂ ಬೆರೆತು ಬರುತ್ತದೆ. ಆದ್ದರಿಂದ ಎಸಿ ಹಾಕಿಯೇ 26ಕ್ಕೆ ಏರಿಸಿ. ಸಿಗುವುದು ಬೆಚ್ಚಗಿನ ಒಣಗಾಳಿ. ಒಳಗಾಳಿ ಸುತ್ತುವ ಬಟನ್ ಆರಿಸಿ, ಹೊರಗಾಳಿ ಬರಲಿ.

ಮುಂದಿನ ಗಾಜಿನ ಡೀಫಾಗ್ ಬಟನ್ ಒತ್ತಿದರೆ ಬಹುತೇಕ ಗಾಡಿಗಳು ಇಷ್ಟನ್ನೂ ತಾವೇ ಮಾಡುತ್ತವೆ. ಆದರೆ ಗಾಜು ಹೊರಗಿನಿಂದ ಮಸುಕಾಗಿ, ವೈಪರ್ ಆಡಿಸಿದರೆ ಕ್ಷಣ ತಿಳಿಯಾಗಿ ಮತ್ತೆ ಮಸುಕಾಗುತ್ತಿದ್ದರೆ ಕಾರಣ ಉಲ್ಟಾ: ತಣ್ಣನೆ ಗಾಳಿ ಗಾಜಿಗೆ ಬಡಿದು ಅದನ್ನು ಅತಿ ತಂಪು ಮಾಡಿದೆ. ಆಗ ಉಷ್ಣಾಂಶ ಏರಿಸಿ, ಗಾಳಿಯನ್ನು ಗಾಜಿನಿಂದ ತಿರುಗಿಸಿ. ಈ ಎರಡರ ವ್ಯತ್ಯಾಸ ಕುಟುಂಬದಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಗೊತ್ತಿರಲೇಬೇಕು. ತಿರುವಿನಲ್ಲಿ ಎರಡು ಸೆಕೆಂಡ್ ಕಣ್ಣು ಕಾಣದಿದ್ದರೆ ಏನಾಗುತ್ತದೆಂದು ಘಾಟಿಯವರಿಗೆ ಹೇಳಬೇಕಿಲ್ಲ.

7. ಧೂಳಿಗೆ ಒಳಗಾಳಿ, ಧೂಳು ಮುಗಿದ ಮೇಲೆ ಹೊರಗಾಳಿ.
ಮುಂದಿನ ಟಿಪ್ಪರ್ ದಾಟುವ ತನಕ ಒಳಗಾಳಿ ಸರಿ. ಐದು ಜನ ಕೂತು ಗಂಟೆಗಟ್ಟಲೆ ಅದೇ ಗಾಳಿ ಸುತ್ತಿಸಿದರೆ ಕಾರ್ಬನ್ ಡೈಆಕ್ಸೈಡ್ ಏರಿ ಡ್ರೈವರ್‌ಗೆ ತೂಕಡಿಕೆ ಬರುತ್ತದೆ.

8. ಟಾಪ್ ಹಾಕಿದ ಪಿಕಪ್‌ನ ಹಿಂಬಾಗಿಲು ತೆರೆದು ಓಡಿಸಲೇಬೇಡಿ.
ಓಡುವ ಪಿಕಪ್‌ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಗಾಳಿ ಮುಂದಕ್ಕೆ ಸುಳಿಯುತ್ತದೆ. ಹಿಂದಿನ ಬಾಡಿಗೆ ಫೈಬರ್ ಟಾಪ್ ಕೂರಿಸಿ, ಅದರ ಬಾಗಿಲು ತೆರೆದಿಟ್ಟು, ಕ್ಯಾಬಿನ್ನಿನ ಸರಿಸುವ ಹಿಂಗಾಜನ್ನೂ ತೆರೆದಿದ್ದರೆ ಸೈಲೆನ್ಸರ್ ಹೊಗೆ ಕ್ಯಾಬಿನ್ನಿಗೇ ಬರಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಉದ್ದನೆಯ ಸಾಮಾನು ಸಾಗಿಸಲು ತೆರೆಯಲೇಬೇಕಾಗಿ ಬಂದರೆ ಹಿಂಗಾಜು ಮುಚ್ಚಿ, ಹೊರಗಾಳಿಯ ಮೋಡ್‌ನಲ್ಲಿ ಬ್ಲೋಯರ್ ಜೋರಾಗಿಡಿ, ಮುಂದಿನ ಕಿಟಕಿಗಳನ್ನು ಪೂರ್ತಿ ಇಳಿಸಿ. ಆ ಹೊತ್ತಿಗೆ ತಂಪಿನ ಆಸೆ ಬಿಡಿ.

9. ಲೋಡ್ ಹೊತ್ತ ಏರಿನಲ್ಲಿ ಎಸಿ ಸೊರಗಿದರೆ ಗಾಬರಿ ಬೇಡ.
ಅಮೆರಿಕದ ಪಿಕಪ್‌ಗಳ ಎಳೆಯುವ ಸಾಮರ್ಥ್ಯ ಅಳೆಯಲು ಎಸ್‌ಎಇ ಜೆ2807 ಎಂಬ ಮಾನದಂಡವಿದೆ. ಅದನ್ನು ಮೊದಲು ಪಾಲಿಸಿದ್ದು 2011ರ ಟೊಯೊಟಾ ಟಂಡ್ರಾ. ಆ ಪರೀಕ್ಷೆಯ ಒಂದು ಭಾಗ ಅರಿಜೋನಾದ ಡೇವಿಸ್ ಡ್ಯಾಮ್ ಏರು. ಸುಮಾರು 18 ಕಿಲೋಮೀಟರ್ ಉದ್ದ, 900 ಮೀಟರ್‌ನಷ್ಟು ಏರಿಕೆ. ಹೊರಗೆ ಕನಿಷ್ಠ 38 ಡಿಗ್ರಿ ಬಿಸಿಲಿರಬೇಕು, ಎಸಿ ಪೂರ್ತಿ ತಂಪಿನಲ್ಲಿ, ಬ್ಲೋಯರ್ ಪೂರ್ತಿ ವೇಗದಲ್ಲಿ, ಅದೂ ಹೊರಗಾಳಿ ಎಳೆದುಕೊಂಡು ಓಡುತ್ತಿರಬೇಕು. ಎಸಿ ಆರಿಸಿ ಪಾಸಾಗುವಂತಿಲ್ಲ. ನನಗೆ ಈ ನಿಯಮ ಬಹಳ ಮೆಚ್ಚುಗೆ. ಡ್ರೈವರ್‌ನ ನೆಮ್ಮದಿಯನ್ನೂ ಗಾಡಿಯ ಸಾಮರ್ಥ್ಯದ ಲೆಕ್ಕಕ್ಕೇ ಸೇರಿಸಿದ ನಿಯಮ ಇದು.

ಕಷ್ಟ ಎಲ್ಲಿದೆ ಎಂದರೆ, ಎಸಿಯ ಕಂಡೆನ್ಸರ್ ರೇಡಿಯೇಟರ್‌ನ ಮುಂದೆಯೇ ಕೂತಿದೆ. ಅದು ಚೆಲ್ಲಿದ ಬಿಸಿಯೇ ರೇಡಿಯೇಟರ್‌ಗೆ ಸಿಗುವ ಗಾಳಿ. ಎಂಜಿನ್ ಕಾಯ್ದು ಮಿತಿಗೆ ಬಂದರೆ ಗಾಡಿಯ ಕಂಪ್ಯೂಟರ್ ಕಂಪ್ರೆಸರನ್ನು ತಾನೇ ಬಿಡಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೂ ಕೆಲವು ಗಾಡಿಗಳು ಕ್ಷಣಕಾಲ ಹೀಗೇ ಮಾಡುತ್ತವೆ. ಏರು ಮುಗಿದ ಮೇಲೆ ತಂಪು ಮರಳಿದರೆ ಎಸಿ ಸರಿಯಾಗಿದೆ. ಟೆಂಪರೇಚರ್ ಮುಳ್ಳು ಕೆಂಪಿನತ್ತ ಹೊರಟರೆ ಮಾತ್ರ ಎಸಿ ಆರಿಸಿ, ಹೀಟರ್ ‘ಹೈ’ಗೆ ಇಟ್ಟು ಬ್ಲೋಯರ್ ಜೋರು ಮಾಡಿ, ಕಿಟಕಿ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಹೀಟರ್ ಎಂಜಿನ್ನಿನ ಬಿಸಿಯನ್ನೇ ಹೊರಗೆಳೆಯುತ್ತದೆ.

10. ಕಂಡೆನ್ಸರ್‌ಗೆ ಗಾಳಿ ತಲುಪಲಿ.
ಗದ್ದೆಯ ಕೆಸರು, ಹುಲ್ಲಿನ ಬೀಜ, ಹುಳಗಳು ಅದರ ತೆಳು ರೆಕ್ಕೆಗಳಲ್ಲಿ ಕಟ್ಟಿಕೊಳ್ಳುತ್ತವೆ. ಮಾಮೂಲಿ ಪೈಪಿನ ನೀರು ಸಾಕು. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿ ಇರುವ ದಾರಿಯೂ ಮುಚ್ಚೀತು. ಗ್ರಿಲ್ ಮುಂದೆ ಸಾಲುಸಾಲು ಲೈಟ್ ಕಟ್ಟಿಸಿದ್ದರೆ ಅವೂ ಗಾಳಿಗೆ ಅಡ್ಡ. ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಎನ್ನುವ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನು ಮತ್ತು ರೇಡಿಯೇಟರ್ ಫ್ಯಾನನ್ನು.

11. ಚಳಿಯ ಬೆಳಗ್ಗೆ ಬ್ಲೋಯರ್ ಸುಮ್ಮನಿದ್ದರೆ ಕಾಯಿರಿ.
ಕೂಲೆಂಟ್ ಬಿಸಿಯಾಗದೆ ಬ್ಲೋಯರ್ ತಿರುಗಿದರೆ ಮುಖಕ್ಕೆ ಬರುವುದು ತಣ್ಣನೆ ಗಾಳಿಯೇ. ಅದಕ್ಕೇ ಆಟೊ ಎಸಿ ಅದನ್ನು ತಡೆಹಿಡಿದು, ಬಿಸಿಯಾದ ಮೇಲೆ ಕಾಲಿನ ಕಡೆಗೆ ಬಿಡುತ್ತದೆ. ಡೀಸೆಲ್ ಎಂಜಿನ್ ನಿಧಾನವಾಗಿ ಬಿಸಿಯಾಗುವುದರಿಂದ ಅದರಲ್ಲಿ ಈ ಕಾಯುವಿಕೆ ಇನ್ನೂ ಹೆಚ್ಚು. ಡೆನ್ವರ್, ಶಿಕಾಗೊ ಕಡೆಯ ನಮ್ಮವರು ರಿಮೋಟ್ ಸ್ಟಾರ್ಟ್‌ನಿಂದ ಮೊದಲೇ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಎಂದೂ ಹಾಗೆ ಮಾಡಬಾರದು.

12. ಗ್ಯಾಸ್ ತುಂಬಿಸುವುದು ಕೊನೆಯ ಮಾತು.
ಒಂದು ಬದಿ ತಂಪು, ಇನ್ನೊಂದು ಬದಿ ಬಿಸಿ, ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಟಿಕ್ ಸದ್ದು: ಇದು ಹೆಚ್ಚಾಗಿ ಬಿಸಿ-ತಂಪು ಬೆರೆಸುವ ಕದವನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದ ಸದ್ದು. ಗ್ಯಾಸ್‌ಗೂ ಅದಕ್ಕೂ ಸಂಬಂಧವಿಲ್ಲ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಎಸಿ ದಾರಿ ತಪ್ಪಿದ್ದರೆ ಕದಗಳ ತುದಿ ಎಲ್ಲಿದೆ ಎಂಬ ಲೆಕ್ಕ ಅದಕ್ಕೆ ಮರೆತಿರಬಹುದು. ಮತ್ತೆ ಕ್ಯಾಲಿಬ್ರೇಟ್ ಮಾಡಿಸಿದರೆ ಸರಿಹೋಗುತ್ತದೆ. ಪಕ್ಕದ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ಎಸಿ ನೀರು ಹೋಗುವ ಪೈಪ್ ಕಟ್ಟಿದೆ. ಗಾಳಿಯೇ ಕಡಿಮೆ ಇದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ.

ಇಷ್ಟೆಲ್ಲ ನೋಡಿ ಗ್ಯಾಸ್ ಕಡಿಮೆ ಎಂದೇ ಆದರೆ ಸೋರಿಕೆ ಎಲ್ಲಿದೆ ಎಂದು ಮೊದಲು ಹುಡುಕಿಸಿ, ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಆರ್-134ಎ ಅಥವಾ ಆರ್-1234ವೈಎಫ್ ಎಂದು ಬರೆದಿರುತ್ತದೆ, ಎಷ್ಟು ಗ್ರಾಂ ಎಂದೂ ಇರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ತುಂಬಿಸಬಾರದು, ಅಂದಾಜಿನಲ್ಲಿಯೂ ತುಂಬಿಸಬಾರದು. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಂಡು, ತೂಕ ಮಾಡಿ ತುಂಬಿಸುವ ಅಂಗಡಿಗೇ ಹೋಗಿ. ಆರ್-134ಎ ಭೂಮಿಯನ್ನು ಬಿಸಿಮಾಡುವ ಶಕ್ತಿಯಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿದ್ದು.