ಬೀಳುವ ಬೆಕ್ಕು ಮತ್ತು ಭ್ರಮಣದ ನಿಯಮ

ಕಾಲೇಜಿನ ಬಿಡುವಿನ ವೇಳೆಯಲ್ಲಿ ವಿದ್ಯಾರ್ಥಿಗಳು ಮರದ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಆಟವಾಡುತ್ತ, ತಂತಮ್ಮ ಮನೆಯ ಬೆಕ್ಕುಗಳ ಚೇಷ್ಟೆಗಳನ್ನು ಹೇಳಿಕೊಂಡು ನಗುವುದನ್ನು ನಾನು ಅನೇಕ ಸಲ ಕೇಳಿರುವೆನು. ಒಬ್ಬನ ಬೆಕ್ಕು ಹಾಲಿನ ಪಾತ್ರೆಯ ಮುಚ್ಚಳವನ್ನು ಮಾತ್ರ ಬೀಳಿಸಿ ಹಾಲನ್ನು ಮುಟ್ಟದೆ ಹೋಗುವುದಂತೆ. ಇನ್ನೊಬ್ಬಳ ಬೆಕ್ಕು ಮೆತ್ತೆಯನ್ನು ಬಿಟ್ಟು ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿಯೇ ಮಲಗುವುದಂತೆ. ಒಂದು ದಿನ ಅವರಲ್ಲೊಬ್ಬನು ನನ್ನ ಬಳಿಗೆ ಬಂದು ತಾನು ಆಡುತ್ತಿದ್ದ ಆಟವನ್ನು ತೋರಿಸಿದನು. ಅದರೊಳಗಿನ ಬೆಕ್ಕು ಗೋಡೆಯಿಂದ ಹೇಗೆ ಬಿದ್ದರೂ ಕಾಲೂರಿಯೇ ನಿಲ್ಲುತ್ತಿತ್ತು. "ಸರ್, ನಿಜವಾದ ಬೆಕ್ಕೂ ಹೀಗೆ ತಿರುಗುವುದು ಹೇಗೆ? ಗಾಳಿಯಲ್ಲಿ ಆಧಾರಕ್ಕೆ ಏನೂ ಇಲ್ಲವಲ್ಲ?" ಎಂದು ಕೇಳಿದನು.

ನಾನು ತಡಮಾಡದೆ, "ಬೀಳುವ ಮುನ್ನ ಅದು ಗೋಡೆಯನ್ನು ಒದ್ದು ತಿರುಗುವ ಚಲನೆಯನ್ನು ಪಡೆದಿರುತ್ತದೆ" ಎಂದೆನು. ಆ ಉತ್ತರ ತಪ್ಪು. ಅಷ್ಟರಲ್ಲಿ ಇನ್ನೊಬ್ಬನು, "ನಾಳೆ ಹಾಸ್ಟೆಲಿನ ತಾರಸಿಯಿಂದ ಒಂದು ಬೆಕ್ಕನ್ನು ಬಿಟ್ಟು ನೋಡೋಣ. ಬೆಕ್ಕು ಬಿದ್ದರೆ ಸಾಯುವುದಿಲ್ಲ" ಎಂದನು. ಇದು ನನ್ನ ತಪ್ಪಿಗಿಂತ ದೊಡ್ಡ ತಪ್ಪು. ಇವೆರಡನ್ನೂ ತಿದ್ದುವುದೇ ಈ ಲೇಖನದ ಉದ್ದೇಶ.

ಸಮಸ್ಯೆ ಏನು?

ಆಟದೊಳಗಿನ ಬೆಕ್ಕು ತಿರುಗುವುದರಲ್ಲಿ ಆಶ್ಚರ್ಯವಿಲ್ಲ. ಆಟವನ್ನು ರಚಿಸಿದವನು ತಿರುಗು ಎಂದರೆ ಅದು ತಿರುಗುತ್ತದೆ. ಆದರೆ ಜೀವಂತ ಬೆಕ್ಕು ಚಲನೆಯ ನಿಯಮಗಳನ್ನು ಮೀರಲಾರದು. ಒಂದು ವಸ್ತುವಿನ ತಿರುಗುವಿಕೆಯ ಪರಿಮಾಣಕ್ಕೆ ಕೋನೀಯ ಸಂವೇಗ ಎಂದು ಹೆಸರು. ಹೊರಗಿನಿಂದ ತಿರುಗಿಸುವ ಬಲವು ಬೀಳದೆ ಇದು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಬೀಳುವ ಬೆಕ್ಕಿನ ಮೇಲೆ ಗುರುತ್ವಾಕರ್ಷಣೆ ವರ್ತಿಸುವುದೇನೋ ನಿಜ. ಆದರೆ ಆ ಬಲವು ಭಾರಕೇಂದ್ರದ ಮೂಲಕವೇ ಹಾಯುವುದರಿಂದ ಅದು ಬೆಕ್ಕನ್ನು ಕೆಳಕ್ಕೆ ಸೆಳೆಯಬಲ್ಲುದೇ ಹೊರತು ತಿರುಗಿಸಲಾರದು. ಹೀಗಿರಲು, ನಿಶ್ಚಲವಾಗಿ ಬೆನ್ನು ಕೆಳಗಾಗಿ ಬಿಟ್ಟ ಬೆಕ್ಕು ಬೆನ್ನಿನ ಮೇಲೆಯೇ ಬೀಳಬೇಕಲ್ಲವೆ?

ಈ ಪ್ರಶ್ನೆ ದೊಡ್ಡವರನ್ನೂ ಕಾಡಿತ್ತು. ವಿದ್ಯುತ್ಕಾಂತ ಸಿದ್ಧಾಂತವನ್ನು ರೂಪಿಸಿದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿದ್ದಾಗ ಬೆಕ್ಕುಗಳನ್ನು ಕಿಟಕಿಯಿಂದ ಎಸೆಯುತ್ತಿದ್ದನೆಂಬ ವದಂತಿ ಅಲ್ಲಿ ಬಹುಕಾಲ ಉಳಿದಿತ್ತು. ೧೮೭೦ರಲ್ಲಿ ಹೆಂಡತಿಗೆ ಬರೆದ ಪತ್ರದಲ್ಲಿ ಆತನು ಇದನ್ನು ತಿದ್ದಿರುವನು. ಬೆಕ್ಕು ಎಷ್ಟು ಬೇಗ ತಿರುಗಬಲ್ಲುದೆಂದು ತಿಳಿಯುವುದು ತನ್ನ ಉದ್ದೇಶವಾಗಿತ್ತೆಂದೂ, ಮೇಜು ಅಥವಾ ಹಾಸಿಗೆಯ ಮೇಲೆ ಎರಡು ಅಂಗುಲದ ಎತ್ತರದಿಂದ ಬಿಡುವುದೇ ಸರಿಯಾದ ಕ್ರಮವೆಂದೂ ಬರೆದಿರುವನು. ಎರಡು ಅಂಗುಲ ಬೀಳಲು ಹಿಡಿಯುವ ಕಾಲವು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಮಾತ್ರ. ಮನುಷ್ಯನ ಕಣ್ಣಿಗೆ ಇಂತಹ ಚಲನೆ ನಿಲುಕದು.

ಕಣ್ಣಿಗೆ ನಿಲುಕದ್ದನ್ನು ಛಾಯಾಚಿತ್ರವು ಹಿಡಿಯಿತು. ೧೮೯೪ರಲ್ಲಿ ಪ್ಯಾರಿಸಿನ ಶರೀರವಿಜ್ಞಾನಿ ಎತಿಯೆನ್ ಜ್ಯೂಲ್ ಮರೇ ಎಂಬಾತನು ಬೀಳುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದು ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಕೈಯಿಂದ ಬಿಟ್ಟ ಗಳಿಗೆಯಲ್ಲಿ ಬೆಕ್ಕು ತಿರುಗುತ್ತಿರಲಿಲ್ಲ. ತಿರುಗುವಿಕೆ ಆರಂಭವಾದುದು ಆಮೇಲೆ, ಗಾಳಿಯಲ್ಲಿ. ಅದೂ ಮೊದಲು ಮುಂಭಾಗ, ಬಳಿಕ ಹಿಂಭಾಗ. ಗೋಡೆಯನ್ನು ಒದೆಯುತ್ತದೆಂಬ ನನ್ನ ಉತ್ತರವು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬಿದ್ದುಹೋಗಿತ್ತು.

ಬೆಕ್ಕಿನ ಉಪಾಯ

ಬೆಕ್ಕು ಕಲ್ಲಿನಂತೆ ಗಡುಸಾದ ವಸ್ತುವಲ್ಲ. ಅದು ತನ್ನ ಆಕಾರವನ್ನು ಬದಲಿಸಬಲ್ಲುದು. ಕೀಲಿ ಇರುವುದು ಇಲ್ಲಿಯೇ. ನಿಯಮವು ಒಟ್ಟು ಕೋನೀಯ ಸಂವೇಗವು ಸೊನ್ನೆಯಾಗಿರಬೇಕೆಂದು ವಿಧಿಸುತ್ತದೆಯೇ ಹೊರತು, ದೇಹದ ಯಾವ ಭಾಗವೂ ತಿರುಗಬಾರದೆಂದು ವಿಧಿಸುವುದಿಲ್ಲ. ಒಂದು ಭಾಗವು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ ತಿರುಗಬೇಕು, ಅಷ್ಟೆ. ಎಷ್ಟು ತಿರುಗಬೇಕೆಂಬುದು ಆಯಾ ಭಾಗದ ಭ್ರಮಣ ಜಡತ್ವವನ್ನು ಅವಲಂಬಿಸಿದೆ. ಅಕ್ಷದಿಂದ ದೂರಕ್ಕೆ ಚಾಚಿದ ವಸ್ತುವನ್ನು ತಿರುಗಿಸುವುದು ಕಷ್ಟ. ಅಕ್ಷದ ಬಳಿಗೆ ಮುದುರಿದ ವಸ್ತುವನ್ನು ತಿರುಗಿಸುವುದು ಸುಲಭ.

ಬೆಕ್ಕು ಮೊದಲು ಮುಂಗಾಲುಗಳನ್ನು ಎದೆಗೆ ಮುದುರಿಕೊಂಡು ಹಿಂಗಾಲುಗಳನ್ನು ಚಾಚುತ್ತದೆ. ಹಿಂಭಾಗದ ಭ್ರಮಣ ಜಡತ್ವವು ಮುಂಭಾಗದ ಐದರಷ್ಟಿದೆ ಎಂದು ಲೆಕ್ಕಕ್ಕಾಗಿ ಭಾವಿಸೋಣ. ಮುಂಭಾಗವು ೧೫೦ ಡಿಗ್ರಿ ಬಲಕ್ಕೆ ತಿರುಗಿದಾಗ ಹಿಂಭಾಗವು ೩೦ ಡಿಗ್ರಿ ಮಾತ್ರ ಎಡಕ್ಕೆ ತಿರುಗುವುದು. ಈಗ ಬೆಕ್ಕು ಮುಂಗಾಲುಗಳನ್ನು ಚಾಚಿ ಹಿಂಗಾಲುಗಳನ್ನು ಮುದುರಿಕೊಂಡು ಹಿಂಭಾಗವನ್ನು ಸರಿಮಾಡಿಕೊಳ್ಳುತ್ತದೆ. ಹಿಂಭಾಗವು ೧೫೦ ಡಿಗ್ರಿ ಬಲಕ್ಕೆ ಬಂದರೆ ಮುಂಭಾಗವು ೩೦ ಡಿಗ್ರಿ ಎಡಕ್ಕೆ ಹೋಗುವುದು. ಕೂಡಿ ಕಳೆದು ನೋಡಿರಿ: ಎರಡು ಭಾಗಗಳೂ ೧೨೦ ಡಿಗ್ರಿ ಬಲಕ್ಕೆ ತಿರುಗಿರುವುವು. ಯಾವ ಗಳಿಗೆಯಲ್ಲಿಯೂ ಒಟ್ಟು ಸಂವೇಗವು ಸೊನ್ನೆಯನ್ನು ಬಿಟ್ಟು ಕದಲಲಿಲ್ಲ.

ಆದರೆ ಇದೊಂದೇ ಉಪಾಯವಾಗಿದ್ದರೆ ಬೆಕ್ಕಿನ ಬೆನ್ನು ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಳ್ಳಬೇಕಾಗುವುದು. ೧೯೩೫ರಲ್ಲಿ ನೆದರ್ಲೆಂಡಿನ ರಾಡಮಾಕರ್ ಮತ್ತು ಟೆರ್ ಬ್ರಾಕ್ ಎಂಬವರು ಇನ್ನೊಂದು ವಿವರಣೆಯನ್ನು ಕೊಟ್ಟರು. ಬೆಕ್ಕು ಸೊಂಟದಲ್ಲಿ ಬಾಗಿ ದೇಹವನ್ನು ಎರಡು ತುಂಡುಗಳಂತೆ ಮಾಡಿಕೊಳ್ಳುತ್ತದೆ. ಒಂದೊಂದು ತುಂಡೂ ತನ್ನ ತನ್ನ ಅಕ್ಷದ ಸುತ್ತ ಉರುಳುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಗೇಣುದ್ದದ ಮೆದುವಾದ ರಬ್ಬರ್ ಕೊಳವೆಯ ಬೆನ್ನಿಗೆ ಉದ್ದಕ್ಕೂ ಸೀಮೆಸುಣ್ಣದ ಗೆರೆಯೆಳೆಯಿರಿ. ಗೆರೆಯು ಹೊರಮೈಗೆ ಬರುವಂತೆ ಕೊಳವೆಯನ್ನು ಲಾಳದಾಕಾರಕ್ಕೆ ಬಾಗಿಸಿ, ಎರಡು ತುದಿಗಳನ್ನೂ ಬೆರಳುಗಳಿಂದ ಹಿಡಿದು ಗೆರೆಯು ಒಳಮೈಗೆ ಬರುವವರೆಗೆ ಹೊಸೆಯಿರಿ. ಮೇಲಿನಿಂದ ನೋಡಿದರೆ ಒಂದು ತೋಳು ಗಡಿಯಾರದ ಮುಳ್ಳಿನಂತೆಯೂ, ಇನ್ನೊಂದು ಅದಕ್ಕೆ ವಿರುದ್ಧವಾಗಿಯೂ ತಿರುಗುತ್ತಿರುವುದು. ಆದುದರಿಂದ ಅವುಗಳ ಸಂವೇಗಗಳು ಒಂದನ್ನೊಂದು ಅಳಿಸುವುವು. ಆದರೂ ಕೊಳವೆಯನ್ನು ನೇರಮಾಡಿದಾಗ ಬೆನ್ನಿನ ಗೆರೆ ಇನ್ನೊಂದು ಬದಿಗೆ ಬಂದಿರುತ್ತದೆ. ಬೆಕ್ಕು ಇಷ್ಟು ಪೂರ್ತಿಯಾಗಿ ಬಾಗುವುದಿಲ್ಲ. ಅಳಿಯದೆ ಉಳಿದ ಸಂವೇಗವನ್ನು ಇಡೀ ದೇಹವು ವಿರುದ್ಧ ದಿಕ್ಕಿಗೆ ತುಸು ತಿರುಗಿ ಸರಿದೂಗಿಸುತ್ತದೆ.

೧೯೬೯ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೇನ್ ಮತ್ತು ಷೆರ್ ಎಂಬವರು ಈ ಚಲನೆಯನ್ನು ಗಣಿತದ ಸಮೀಕರಣಗಳಿಂದ ಬಿಡಿಸಿ, ಅದು ನಿಜವಾದ ಬೆಕ್ಕಿನ ಛಾಯಾಚಿತ್ರಗಳೊಡನೆ ಹೊಂದುವುದನ್ನು ತೋರಿಸಿದರು. ಅವರ ಆಸಕ್ತಿ ಬೆಕ್ಕಿನಲ್ಲಿ ಮಾತ್ರ ಇರಲಿಲ್ಲ. ಆಧಾರವಿಲ್ಲದ ಆಕಾಶದಲ್ಲಿ ತೇಲುವ ಗಗನಯಾತ್ರಿಯು ಕೈಕಾಲುಗಳ ಚಲನೆಯಿಂದಲೇ ತನ್ನ ಮುಖವನ್ನು ಬೇಕಾದ ಕಡೆಗೆ ತಿರುಗಿಸಿಕೊಳ್ಳುವ ಬಗೆಯನ್ನೂ ಅವರು ಅಭ್ಯಸಿಸಿದರು.

ಇಲ್ಲಿ ಒಂದು ಸೂಕ್ಷ್ಮವುಂಟು. ಆಕಾರವನ್ನು ಎಷ್ಟೇ ಬದಲಿಸಿದರೂ ಗಗನಯಾತ್ರಿಯು ತನ್ನ ಭಾರಕೇಂದ್ರವನ್ನು ಒಂದು ಕೂದಲೆಳೆಯಷ್ಟೂ ಸರಿಸಲಾರನು. ಆದರೆ ದಿಕ್ಕನ್ನು ಬದಲಿಸಬಲ್ಲನು. ಸ್ಥಾನಕ್ಕೂ ದಿಕ್ಕಿಗೂ ಇರುವ ಈ ವ್ಯತ್ಯಾಸವನ್ನು ಮರೆತುದೇ ನನ್ನ ತಪ್ಪಿಗೆ ಕಾರಣ.

ಬೆಕ್ಕಿಗೆ ಮೇಲು ಕೆಳಗುಗಳ ಸೂಚನೆ ದೊರೆಯುವುದು ಮುಖ್ಯವಾಗಿ ಒಳಕಿವಿಯ ಸಮತೋಲದ ಅಂಗದಿಂದ. ಮರಿಗೆ ಮೂರು ನಾಲ್ಕು ವಾರಗಳಾದಾಗ ಈ ಕೌಶಲ ಕಾಣಿಸಿಕೊಂಡು, ಮುಂದಿನ ಕೆಲವು ವಾರಗಳಲ್ಲಿ ಪಕ್ವವಾಗುತ್ತದೆ. ಬಾಲವಿಲ್ಲದ ಬೆಕ್ಕುಗಳೂ ಇದನ್ನು ಮಾಡಬಲ್ಲುವು; ಆದುದರಿಂದ ಬಾಲವೇ ಇದರ ಸಾಧನವೆನ್ನುವುದು ಸರಿಯಲ್ಲ.

ತಾರಸಿಯ ಮಾತು

ಇನ್ನು ಎರಡನೆಯ ತಪ್ಪು. ಕಾಲೂರಿ ಬೀಳುವುದೇ ಬೇರೆ, ಕ್ಷೇಮವಾಗಿ ಬೀಳುವುದೇ ಬೇರೆ. ಹತ್ತು ಮೀಟರ್ ಎತ್ತರದಿಂದ ಬಿದ್ದ ಬೆಕ್ಕು, ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ, ಸೆಕೆಂಡಿಗೆ ೧೪ ಮೀಟರ್, ಅಂದರೆ ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ನೆಲವನ್ನು ಮುಟ್ಟುತ್ತದೆ. ಕಾಲುಗಳನ್ನು ಮಡಿಸಿ ೨೦ ಸೆಂಟಿಮೀಟರಿನೊಳಗೆ ನಿಂತಿತೆಂದರೂ, ನೆಲವು ಅದನ್ನು ಅದರ ತೂಕದ ಸುಮಾರು ಐವತ್ತು ಪಟ್ಟು ಬಲದಿಂದ ತಡೆಯಬೇಕಾಗುವುದು. ನಾಲ್ಕು ಕಿಲೋಗ್ರಾಮಿನ ಬೆಕ್ಕಿನ ಕಾಲುಗಳ ಮೇಲೆ ಇನ್ನೂರು ಕಿಲೋಗ್ರಾಮಿನ ಮೂಟೆಯನ್ನು ಹೇರಿದಂತೆ!

"ಬೆಕ್ಕು ಸಾಯುವುದಿಲ್ಲ" ಎಂಬ ನಂಬಿಕೆಗೆ ಒಂದು ವರದಿಯೂ ಬಲ ಕೊಟ್ಟಿದೆ. ನ್ಯೂಯಾರ್ಕಿನ ಪಶುವೈದ್ಯರಾದ ವಿಟ್ನಿ ಮತ್ತು ಮೆಹ್ಲ್‌ಹಾಫ್ ಎಂಬವರು ಎತ್ತರದ ಕಟ್ಟಡಗಳಿಂದ ಬಿದ್ದ ೧೩೨ ಬೆಕ್ಕುಗಳ ವಿವರವನ್ನು ೧೯೮೭ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಬದುಕಿದುವು. ಏಳು ಮಹಡಿಗಳಿಗಿಂತ ಮೇಲಿನಿಂದ ಬಿದ್ದವುಗಳ ಗಾಯಗಳು ಕಡಿಮೆಯೆಂದೂ ಕಂಡಿತು. ಗಾಳಿಯ ತಡೆಯಿಂದ ಬೆಕ್ಕಿನ ವೇಗವು ಗಂಟೆಗೆ ಸುಮಾರು ೯೭ ಕಿಲೋಮೀಟರಿಗೆ ಸ್ಥಿರವಾಗುವುದೆಂದೂ, ಆಗ ಅದು ಮೈಯನ್ನು ಸಡಿಲಿಸಿ ಹರಡಿಕೊಳ್ಳುವುದೆಂದೂ ಅವರು ಊಹಿಸಿದರು.

ಆದರೆ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಆಸ್ಪತ್ರೆಗೆ ಯಾವ ಬೆಕ್ಕನ್ನು ತರುವರು? ಜೀವವಿರುವುದನ್ನು. ಬಿದ್ದಲ್ಲಿಯೇ ಸತ್ತ ಬೆಕ್ಕನ್ನು ವೈದ್ಯರ ಬಳಿಗೆ ಯಾರು ಹೊತ್ತು ತರುವರು? ಅಂತಹವು ಲೆಕ್ಕಕ್ಕೆ ಬರಲೇ ಇಲ್ಲ. ಲೆಕ್ಕದಲ್ಲಿ ಇರುವುದನ್ನು ನೋಡುವಷ್ಟೇ ಎಚ್ಚರದಿಂದ, ಲೆಕ್ಕದಿಂದ ತಪ್ಪಿಹೋದುದನ್ನೂ ನೋಡಬೇಕು. ಬದುಕಿದ ಬೆಕ್ಕುಗಳಲ್ಲಿಯೂ ಎದೆಗೆ ಪೆಟ್ಟು, ಒಡೆದ ದವಡೆ, ಮುರಿದ ಕಾಲುಗಳು ಸಾಮಾನ್ಯವಾಗಿದ್ದುವು.

ಮರುದಿನ ನಾನು ತರಗತಿಯಲ್ಲಿ ನನ್ನ ಉತ್ತರ ತಪ್ಪೆಂದು ಒಪ್ಪಿಕೊಂಡು, ಬೆಕ್ಕಿಗೆ ಬದಲಾಗಿ ಚೆನ್ನಾಗಿ ಎಣ್ಣೆ ಹಾಕಿದ ತಿರುಗುಕುರ್ಚಿಯೊಂದನ್ನು ತರಿಸಿದೆನು. ತಾರಸಿಯ ಸಲಹೆ ಕೊಟ್ಟವನನ್ನೇ ಅದರಲ್ಲಿ ಕುಳ್ಳಿರಿಸಿ, ಕಾಲುಗಳನ್ನು ನೆಲದಿಂದ ಎತ್ತಿಸಿ, ಎರಡು ಕೈಗಳಿಗೂ ದಪ್ಪ ಪುಸ್ತಕಗಳನ್ನು ಕೊಟ್ಟೆನು. ಅವನು ಕೈಗಳನ್ನು ಮುಂದಕ್ಕೆ ಚಾಚಿ ಬಲಕ್ಕೆ ಬೀಸಿದಾಗ ಕುರ್ಚಿ ಎಡಕ್ಕೆ ತಿರುಗಿತು. ಪುಸ್ತಕಗಳನ್ನು ಎದೆಗೆ ಎಳೆದುಕೊಂಡು ನೇರಕ್ಕೆ ತಂದಾಗ ಅದು ತುಸು ಮಾತ್ರ ಹಿಂದಿರುಗಿತು. ಹೀಗೆ ಏಳೆಂಟು ಸಲ ಮಾಡುವಷ್ಟರಲ್ಲಿ, ಹಲಗೆಯ ಕಡೆಗೆ ಮುಖ ಮಾಡಿದ್ದವನು ತನ್ನ ಗೆಳೆಯರ ಕಡೆಗೆ ತಿರುಗಿದ್ದನು. ನೆಲವನ್ನಾಗಲಿ, ಗೋಡೆಯನ್ನಾಗಲಿ ಅವನು ಮುಟ್ಟಿರಲಿಲ್ಲ.

ಬೆಕ್ಕನ್ನು ತಾರಸಿಗೆ ಒಯ್ಯುವ ಮಾತು ಮತ್ತೆ ಬರಲಿಲ್ಲ. ಮಹಡಿಯ ಮನೆಯಲ್ಲಿ ಬೆಕ್ಕನ್ನು ಸಾಕಿರುವ ವಾಚಕರು ಕಿಟಕಿಗೂ ಮೊಗಸಾಲೆಗೂ ಬಲೆಯನ್ನು ಹಾಕಿಸುವುದು ಒಳ್ಳೆಯದು. ತಿರುಗುವ ವಿದ್ಯೆಯನ್ನು ಬೆಕ್ಕು ಬಲ್ಲುದು. ಬೀಳದಂತೆ ಕಾಯುವ ಕೆಲಸ ನಮ್ಮದು.