ಮನೆಯಲ್ಲಿ ಕುಳಿತು ಎಂ.ಎ.: ಒಂದು ವೆಚ್ಚದ ಲೆಕ್ಕ

ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿಯೇ ‘ಅವಕಾಶ ವೆಚ್ಚ’ ಎಂಬ ಮಾತು ಬರುತ್ತದೆ. ಒಂದನ್ನು ಪಡೆಯುವುದಕ್ಕಾಗಿ ಕೈಬಿಡಬೇಕಾದ ಮತ್ತೊಂದರ ಬೆಲೆಯೇ ಅದು. ಪರೀಕ್ಷೆಯಲ್ಲಿ ಎರಡು ಅಂಕದ ಉತ್ತರವಾಗಿ ಬರೆದು ನಾವು ಅದನ್ನು ಮರೆತುಬಿಡುತ್ತೇವೆ. ಈ ವರ್ಷ ಆ ಮಾತನ್ನು ನನ್ನ ಬದುಕಿಗೇ ಹಚ್ಚಿ ನೋಡಬೇಕಾದ ಸಂದರ್ಭ ಒದಗಿತು. ಬಿ.ಎ. ಮುಗಿದೊಡನೆ ನಾನು ಸಂಪಾದನೆಗೆ ತೊಡಗಲೇಬೇಕಾಗಿದೆ, ಎಂ.ಎ. ಓದುವ ಆಸೆಯನ್ನೂ ಬಿಡಲಾರೆ. ಕೆಲಸದಲ್ಲಿದ್ದುಕೊಂಡೇ ಆನ್‌ಲೈನ್ ಮೂಲಕ ಓದಿದರಾಗದೆ ಎಂಬ ಪ್ರಶ್ನೆ ನಮ್ಮ ತರಗತಿಯ ಹಲವರಲ್ಲಿರುವುದರಿಂದ, ನಾನು ಹಾಕಿದ ಲೆಕ್ಕವನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ನಾನಿರುವುದು ಹೊಸಹಳ್ಳಿಯಲ್ಲಿ. ಹೆಸರಿಗೆ ಮಾತ್ರ ಹಳ್ಳಿ. 2015ರಿಂದ ತಲೆಯ ಮೇಲೆಯೇ ಮೆಟ್ರೊ ಓಡುತ್ತಿದೆ. ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ ಇಲ್ಲಿಗೆ ಸಮೀಪದ ನಾಗರಬಾವಿಯಲ್ಲಿದೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯೂ ದೂರವಲ್ಲ. ಆದರೆ ಹಗಲೆಲ್ಲ ಕಛೇರಿಯಲ್ಲಿರುವವನಿಗೆ ಹತ್ತಿರದ ತರಗತಿಯೂ ದೂರವೇ. ಇಂಥವರಿಗಾಗಿಯೇ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡು ಮಾಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಂದು ಅಂಚೆಯ ಜಾಗಕ್ಕೆ ಮೊಬೈಲು ಬಂದಿದೆ, ಅಷ್ಟೆ.

ಇಂಥ ವ್ಯಾಸಂಗ ಅಗ್ಗವೆಂದು ಎಲ್ಲರೂ ಹೇಳುತ್ತಾರೆ. ಶುಲ್ಕವನ್ನಷ್ಟೇ ನೋಡಿದರೆ ನಿಜವಿರಬಹುದು. ಆದರೆ ಗಂಟೆಗಳನ್ನು ಎಣಿಸಿ ನೋಡೋಣ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಅಧ್ಯಯನವೆಂದು ಲೆಕ್ಕ ಹಿಡಿಯುತ್ತದೆ. ಎಂ.ಎ.ಗೆ 80 ಕ್ರೆಡಿಟ್ಟು ಎಂದಿಟ್ಟುಕೊಂಡರೆ 2,400 ಗಂಟೆಗಳಾದವು. ಎರಡು ವರ್ಷಗಳಲ್ಲಿ 104 ವಾರಗಳು. ಅಂದರೆ ವಾರಕ್ಕೆ 23 ಗಂಟೆ, ದಿನಕ್ಕೆ ಮೂರು ಗಂಟೆಗೂ ಮಿಕ್ಕು. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ ಸೇರುವವನು ಈ ಮೂರು ಗಂಟೆಗಳನ್ನು ನಿದ್ರೆಯಿಂದಲೇ ಕಡ ತರಬೇಕು. ಆ ಹೊತ್ತಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ಗಂಟೆಗೆ 100 ರೂಪಾಯಿ ಸಂಪಾದಿಸಬಹುದೆಂದು ಊಹಿಸಿದರೆ, ಕೈಬಿಟ್ಟ ಹಣ 2,40,000 ರೂಪಾಯಿ. (ರಾತ್ರಿ ಹನ್ನೊಂದಕ್ಕೆ ಮನೆಪಾಠಕ್ಕೆ ಯಾರು ಬರುತ್ತಾರೆಂದು ನನ್ನ ಮಿತ್ರನೊಬ್ಬ ಕೇಳಿದ. ಅವನ ಮಾತಿನಲ್ಲಿ ನ್ಯಾಯವಿದೆ. ಆದರೆ ನಿದ್ರೆಗೂ ಬೆಲೆಯುಂಟು.)

ಇಷ್ಟು ತೆತ್ತು ಪಡೆದ ಪದವಿಯಿಂದ ಲಾಭವೇನು? ಇಲ್ಲಿ ಅರ್ಥಶಾಸ್ತ್ರಜ್ಞರಲ್ಲೇ ಎರಡು ಮತಗಳಿವೆ. ಥಿಯೊಡೋರ್ ಶುಲ್ಟ್ಸ್, ಗ್ಯಾರಿ ಬೆಕರ್ ಮೊದಲಾದವರು ವಿದ್ಯೆಯನ್ನು ಮಾನವ ಬಂಡವಾಳವೆಂದರು: ಓದಿದವನ ದುಡಿಮೆಯ ಶಕ್ತಿ ಹೆಚ್ಚುತ್ತದೆ, ಆದ್ದರಿಂದ ವೇತನವೂ ಹೆಚ್ಚುತ್ತದೆ. ಮೈಕೇಲ್ ಸ್ಪೆನ್ಸ್ 1973ರಲ್ಲಿ ಬೇರೆ ಮಾತು ಹೇಳಿದರು. ಅಭ್ಯರ್ಥಿಯ ಯೋಗ್ಯತೆ ಉದ್ಯೋಗ ಕೊಡುವವನ ಕಣ್ಣಿಗೆ ನೇರವಾಗಿ ಬೀಳುವುದಿಲ್ಲ. ಪದವಿಯು ಅದನ್ನು ತೋರಿಸುವ ಸಂಕೇತ ಎಂದು.

ಈ ಎರಡನೆಯ ಮಾತು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ, ನಮ್ಮ ಬೀದಿಯ ಅಕ್ಕನೊಬ್ಬರಿಂದ. ಅವರು ಖಾಸಗಿ ಕಛೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷಗಳಿಂದ ದುಡಿಯುತ್ತಿದ್ದಾರೆ. ಹಟ ಹಿಡಿದು ಎರಡೇ ವರ್ಷಗಳಲ್ಲಿ ಆನ್‌ಲೈನ್ ಎಂ.ಎ. ಮುಗಿಸಿದರು. ಕಛೇರಿಯಲ್ಲಿ ಸಂತೋಷಪಟ್ಟು ಸಿಹಿ ಹಂಚಿದರು, ಸಂಬಳ ಏರಲಿಲ್ಲ. ಒಂಬತ್ತು ವರ್ಷ ಅವರ ಕೆಲಸವನ್ನು ಕಣ್ಣಾರೆ ಕಂಡವರಿಗೆ ಪದವಿಯೆಂಬ ಸಂಕೇತ ಹೊಸದಾಗಿ ಏನನ್ನು ತಿಳಿಸೀತು? ಹಾಗಾದರೆ ಉಪನ್ಯಾಸಕಿಯಾಗೋಣವೆಂದು ಎನ್.ಇ.ಟಿ. ಪರೀಕ್ಷೆಯ ನಿಯಮ ತೆಗೆದು ನೋಡಿದರು. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇಕಡ 55 ಬೇಕು. ಅವರದು 53.

“ಎರಡು ಪರ್ಸೆಂಟಿಗೆ ಎರಡು ವರ್ಷ ನೀರಿನಲ್ಲಿ ಹೋಮವಾಯಿತು ಕಣಪ್ಪ,” ಎಂದರು ಅಕ್ಕ. “ಲೆಗ್ರಾಂಜನ ಗುಣಕವನ್ನು ಮಗ್ಗಿ ಹಾಗೆ ಬಾಯಿಪಾಠ ಮಾಡಿದೆ. ಮೂರು ವರ್ಷ ತಗೊಂಡು ಅರ್ಥಮಾಡಿಕೊಂಡು ಓದಿದ್ದರೆ ಬರುತ್ತಿತ್ತು.”

ಆನ್‌ಲೈನ್ ಪದವಿಗೆ ಬೆಲೆಯಿಲ್ಲವೆಂದು ಇದರಿಂದ ಯಾರೂ ತಿಳಿಯಬಾರದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2020ರ ನಿಯಮಾವಳಿಯಂತೆ, ಮಾನ್ಯತೆಯುಳ್ಳ ಸಂಸ್ಥೆಯಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪಡೆದ ಪದವಿ ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮಾನ. 2022ರಲ್ಲಿ ಆಯೋಗ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ‘ಮಾನ್ಯತೆಯುಳ್ಳ’ ಎಂಬ ಶಬ್ದವನ್ನು ಮಾತ್ರ ಅಡಿಗೆರೆ ಎಳೆದು ಓದಬೇಕು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೇ 2012-13ರ ನಂತರ ಮಾನ್ಯತೆಯಿಲ್ಲವೆಂದು ಆಯೋಗ 2015ರಲ್ಲಿ ಪ್ರಕಟಿಸಿತು. 2018-19ನೆಯ ಸಾಲಿನಿಂದ ಮಾನ್ಯತೆ ಮರಳಿ ದೊರೆಯಿತು. ನಡುವಿನ ವರ್ಷಗಳಲ್ಲಿ ಸೇರಿದ್ದ ವಿದ್ಯಾರ್ಥಿಗಳ ಪಾಡು ಬೇರೆ ಹೇಳಬೇಕಾಗಿಲ್ಲ. ಸೇರುವ ವರ್ಷದ, ಸೇರುವ ವಿಷಯದ ಹೆಸರು ಆಯೋಗದ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡೇ ಹಣ ಕಟ್ಟಬೇಕು.

ನಮ್ಮಲ್ಲಿ ಅನೇಕರಿಗಿರುವ ದೊಡ್ಡ ತೊಡಕು ಗಣಿತ. ಕನ್ನಡ ಮಾಧ್ಯಮದಲ್ಲಿ ಇತಿಹಾಸದ ಜೊತೆಗೆ ಅರ್ಥಶಾಸ್ತ್ರ ಓದಿದ ನಮಗೆ ಬೇಡಿಕೆಯ ರೇಖೆ ಗೊತ್ತು, ಅವಕಲನ ಗೊತ್ತಿಲ್ಲ. ಎಂ.ಎ.ಯ ಸೂಕ್ಷ್ಮ ಅರ್ಥಶಾಸ್ತ್ರವೋ ಮೊದಲ ಅಧ್ಯಾಯದಿಂದಲೇ ಅದನ್ನು ಕೇಳುತ್ತದೆ. ತರಗತಿಯಲ್ಲಾದರೆ ಪಕ್ಕದವನ ಪುಸ್ತಕ ನೋಡಬಹುದು. ಪರದೆಯ ಮುಂದೆ ಪಕ್ಕದವನೇ ಇಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತದ ಪಾಠಗಳನ್ನು ಹಣವಿಲ್ಲದೆ ಕೇಳಬಹುದು. ಎಂ.ಎ.ಗೆ ಸೇರುವ ಮೊದಲೇ ಅದನ್ನು ಮುಗಿಸಿಕೊಳ್ಳುವುದು ಲೇಸು.

ನಾನು ಎರಡು ವರ್ಷದ ಆತುರವನ್ನು ಬಿಟ್ಟಿದ್ದೇನೆ. ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ ಹದಿನೈದು ಗಂಟೆ ಚಿಲ್ಲರೆ ಸಾಕು. ಅಕ್ಕ ತಮ್ಮ ಹಳೆಯ ಟಿಪ್ಪಣಿಗಳನ್ನು ಕೊಟ್ಟಿದ್ದಾರೆ. ಅಂಕ ಉತ್ತಮಪಡಿಸಿಕೊಳ್ಳಲು ನಿಯಮದಲ್ಲಿ ದಾರಿಯುಂಟೇ ಎಂದು ತಮ್ಮ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದು ಕಾಯುತ್ತಿದ್ದಾರೆ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ನಾವಿಬ್ಬರೂ ಅವಕಲನದ ಮೊದಲ ಅಧ್ಯಾಯ ಹಿಡಿದು ಕೂರುವುದೆಂದು ಗೊತ್ತಾಗಿದೆ.