ಪಾಲುದಾರ ಬೇಕೆ? ಡೀಡ್ ಬರೆಯುವವನ ಅನುಭವದ ಪಾಠಗಳು

ದಾವಣಗೆರೆಯಲ್ಲಿ ಅಂಗಡಿಕಾರರ ಲೆಕ್ಕಪತ್ರ ನೋಡಿಕೊಡುವುದು ನನ್ನ ಕಸುಬು. ಪಾಲುದಾರಿಕೆಯ ಡೀಡ್ ಬರೆಸಲು ಬಂದವರಿಗೆ ಯಾವಾಗಲೂ ಅವಸರ. ಅಕ್ಷಯ ತೃತೀಯದೊಳಗೆ ಸಹಿ ಆಗಿಬಿಡಲಿ ಅನ್ನುತ್ತಾರೆ. ನಾನು ಬೇಕೆಂದೇ ತಡ ಮಾಡುತ್ತೇನೆ. ಆ ತಡದಲ್ಲಿ ಆಡುವ ಮಾತುಗಳು ಇವು.

1. ಕೊರತೆ ಯಾವುದೆಂದು ಮೊದಲು ಹೇಳಿ

"ವ್ಯಾಪಾರ ಚೆನ್ನಾಗೈತಿ ಸಾರ್, ದುಡ್ಡು ಸಾಲವಲ್ದು" ಅನ್ನುವವರಿಗೆ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಬೇಕಿರುವುದು 10 ಲಕ್ಷ, ಅಂಗಡಿಯ ವರ್ಷದ ಲಾಭ 8 ಲಕ್ಷ ಅಂತಿಟ್ಟುಕೊಳ್ಳಿ. ಶೇ 12ರಂತೆ ಸಾಲ ತಂದರೆ ಮೊದಲ ವರ್ಷದ ಬಡ್ಡಿ ಹೆಚ್ಚೆಂದರೆ 1.2 ಲಕ್ಷ, ಕಂತು ಮುಗಿದ ದಿನ ಬ್ಯಾಂಕಿನ ಹಂಗೂ ಮುಗಿಯಿತು. ಅರ್ಧ ಪಾಲು ಬರೆದುಕೊಟ್ಟರೆ ಲಾಭ ಬೆಳೆಯದಿದ್ದರೂ ವರ್ಷಕ್ಕೆ 4 ಲಕ್ಷ ಹೋಗುತ್ತದೆ, ಅದಕ್ಕೆ ಕೊನೆಯ ಕಂತಿಲ್ಲ. ನಷ್ಟದ ವರ್ಷ ಪಾಲುದಾರ ಹೆಗಲು ಕೊಡುತ್ತಾನೆ, ಬ್ಯಾಂಕು ಕೊಡುವುದಿಲ್ಲ, ನಿಜ. ಆದರೂ ಮುದ್ರಾ ಯೋಜನೆಯಲ್ಲಿ ಇಷ್ಟು ಮೊತ್ತಕ್ಕೂ ಅಡಮಾನವಿಲ್ಲದ ಸಾಲವಿದೆ. ಮ್ಯಾನೇಜರ್ ಎಷ್ಟು ಸಲ ಓಡಾಡಿಸುತ್ತಾರೆ ಅನ್ನುವುದು ಬೇರೆ ಮಾತು.

ದುಡಿಯುವ ಕೈ ಬೇಕಿದ್ದರೆ ಒಳ್ಳೆಯ ಸಂಬಳದ ಜತೆ ಲಾಭದಲ್ಲೂ ಒಂದಿಷ್ಟು ಕೊಡಿ. ಅಷ್ಟಕ್ಕೇ ನೌಕರ ಪಾಲುದಾರನಾಗಿಬಿಡುವುದಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 6ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ.

ದುಡ್ಡೂ ಇದೆ, ಆಳೂ ಇದ್ದಾರೆ, ಸಾಲದಿರುವುದು ಧೈರ್ಯ ಮಾತ್ರ ಅನ್ನುವವರೂ ಇದ್ದಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

2. ಅವನ ಸಹಿಗೆ ನಿಮ್ಮ ಮನೆ ಹೊಣೆ

ವ್ಯವಹಾರದ ಸಲುವಾಗಿ ಒಬ್ಬ ಪಾಲುದಾರ ಮಾಡಿದ್ದಕ್ಕೆ ಎಲ್ಲರೂ ಹೊಣೆ. ಸಾಲ ಕೊಟ್ಟವನು ಪೂರ್ತಿ ಬಾಕಿಯನ್ನು ಯಾರೊಬ್ಬರಿಂದಲೂ ವಸೂಲು ಮಾಡಬಹುದು. ಷಡ್ಡಕರಿಬ್ಬರ ಮಂಡಕ್ಕಿ ಭಟ್ಟಿಯೊಂದರಲ್ಲಿ ಹೀಗೇ ಆಯಿತು. ಒಬ್ಬ ಉದ್ರಿಯಲ್ಲಿ ಭತ್ತ ಎತ್ತುತ್ತಾ ಹೋದ. ಕೊಟ್ಟವರು ಬಂದು ನಿಂತದ್ದು ಸ್ವಂತ ಮನೆಯಿದ್ದ ಇನ್ನೊಬ್ಬನ ಬಾಗಿಲಿಗೆ. ಆದ್ದರಿಂದ ಪಾಲುದಾರನಾಗಿ ಬರುವವನು ಹಾಕುವ ಬಂಡವಾಳ ಎಷ್ಟು ಎನ್ನುವುದಕ್ಕಿಂತ, ಆತ ಮುಳುಗಿದರೆ ಆತನ ಹತ್ತಿರ ಕಳೆದುಕೊಳ್ಳಲು ಏನಿದೆ ಅಂತ ಕೇಳಿ. ಏನೂ ಇಲ್ಲವಾದರೆ ಹೊಣೆಯೆಲ್ಲ ನಿಮ್ಮದೇ.

2008ರ ಕಾಯ್ದೆಯಂತೆ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿದರೆ ಹೊಣೆಗೆ ಮಿತಿಯಿದೆ. ಆದರೆ ಬ್ಯಾಂಕಿನವರು ಸಾಮಾನ್ಯವಾಗಿ ಪಾಲುದಾರರ ವೈಯಕ್ತಿಕ ಜಾಮೀನು ಕೇಳಿಯೇ ಕೇಳುತ್ತಾರೆ, ಆಗ ಮಿತಿ ಅಷ್ಟರಮಟ್ಟಿಗೆ ಹೋಯಿತು.

3. ಬೆಳಿಗ್ಗೆ ಷಟರ್ ಎತ್ತುವವರು ಯಾರು?

ಜಗಳಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತವೆ. ಒಬ್ಬ 8 ಲಕ್ಷ ಹಾಕಿದ, ಇನ್ನೊಬ್ಬ 2 ಲಕ್ಷ ಹಾಕಿ ದಿನವಿಡೀ ಗಲ್ಲಾದ ಮೇಲೆ ಕೂತ. ಏನೂ ಮಾತಾಗಿರದಿದ್ದರೆ ಕಾನೂನಿನ ಪ್ರಕಾರ ಲಾಭ ಸಮಪಾಲು, ದುಡಿಮೆಗೆ ಸಂಬಳವಿಲ್ಲ. ಇಬ್ಬರಿಗೂ ಮೋಸ ಹೋದೆ ಅನ್ನಿಸುತ್ತದೆ, ಇಬ್ಬರದೂ ಸುಳ್ಳಲ್ಲ! ನಾನು ಬರೆಯುವುದು ಹೀಗೆ: ಮೊದಲು ದುಡಿದವನಿಗೆ ಸಂಬಳ, ಆಮೇಲೆ ಹಾಕಿದ ದುಡ್ಡಿಗೆ ಬಡ್ಡಿ, ಉಳಿದದ್ದರಲ್ಲಿ ಪಾಲು. ಬಡ್ಡಿ ಶೇ 12 ಮೀರಿದರೆ ಆದಾಯ ತೆರಿಗೆಯವರು ಮೀರಿದ್ದನ್ನು ಖರ್ಚೆಂದು ಒಪ್ಪುವುದಿಲ್ಲ. ಸಂಬಳಕ್ಕೂ ಮಿತಿಯಿದೆ. ಎರಡೂ ಡೀಡಿನಲ್ಲಿ ಇರಲೇಬೇಕು.

ಈ ಸಂಬಳದ ಅಂಕಿಯನ್ನು ಎದುರುಬದುರು ಕೂತು ಹೇಳಲು ನಾಚುವವರು ಪಾಲುದಾರರಾಗಬಾರದು ಅನ್ನುವುದು ನನ್ನ ಅಭಿಪ್ರಾಯ.

4. ತಿಂಗಳಿಗೆ ಮನೆಗೆ ಎಷ್ಟು ಒಯ್ಯುತ್ತೀರಿ?

ಒಬ್ಬನಿಗೆ ಮಗಳ ಮದುವೆ ಹತ್ತಿರವಿದೆ, ಇನ್ನೊಬ್ಬನಿಗೆ ಲಾಭವನ್ನು ಮತ್ತೆ ಸರಕಿಗೇ ಹಾಕುವ ಆಸೆ. ಇಬ್ಬರೂ ಒಳ್ಳೆಯವರೇ, ಆದರೆ ಒಂದೇ ಗಲ್ಲಾ.

5. ಬಿಡುವ ದಿನದ ಲೆಕ್ಕ ಈಗಲೇ

ಅವಧಿ ಬರೆಯದಿದ್ದರೆ ಪಾಲುದಾರ ಒಂದು ನೋಟಿಸು ಕೊಟ್ಟು ಸಂಸ್ಥೆಯನ್ನೇ ವಿಸರ್ಜಿಸಬಹುದು. ಪಾಲುದಾರ ತೀರಿಕೊಂಡರೂ, ಬೇರೆ ಒಪ್ಪಂದವಿರದಿದ್ದರೆ, ಸಂಸ್ಥೆ ಅಲ್ಲಿಗೇ ಮುಗಿಯುತ್ತದೆ. ಗುಡ್‌ವಿಲ್ಲಿಗೆ ಬೆಲೆ ಕಟ್ಟುವುದು ಹೇಗೆ, ಎಷ್ಟು ಕಂತಿನಲ್ಲಿ ಕೊಡುವುದು, ಹೆಸರಿನ ಬೋರ್ಡು ಯಾರಿಗೆ ಅನ್ನುವುದನ್ನು ಸ್ನೇಹವಿರುವಾಗಲೇ ಬರೆಸಿ. ನೋಂದಣಿಯನ್ನೂ ಮಾಡಿಸಿ: ನೋಂದಾಯಿಸದ ಸಂಸ್ಥೆಗೆ ಉದ್ರಿ ವಸೂಲಿಗೆ ದಾವೆ ಹೂಡಲು ಪಾಲುದಾರಿಕೆ ಕಾಯ್ದೆಯ 69ನೇ ಕಲಮು ಅಡ್ಡ ಬರುತ್ತದೆ, ನಿಮ್ಮ ಮೇಲೆ ಬೇರೆಯವರು ಹೂಡಲು ಅಡ್ಡ ಬರುವುದಿಲ್ಲ. ನೋಂದಾಯಿತ ಸಂಸ್ಥೆಯಿಂದ ನಿವೃತ್ತಿಯಾದವರು ರಿಜಿಸ್ಟ್ರಾರ್‌ಗೆ ತಿಳಿಸಿ, ಗೆಜೆಟ್ಟಿನಲ್ಲೂ ಜಿಲ್ಲೆಯಲ್ಲಿ ಓಡಾಡುವ ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಇಲ್ಲದಿದ್ದರೆ ಆಮೇಲಿನ ಸಾಲವೂ ಕೊರಳಿಗೆ ಸುತ್ತಿಕೊಳ್ಳಬಹುದು.

6. ಮೊದಲು ಒಂದು ಸೀಸನ್

ಒಂಟಿ ಒಡೆತನದ ಅಂಗಡಿ ಪಾಲುದಾರಿಕೆಯಾದರೆ ಪ್ಯಾನ್ ಹೊಸದು, ಜಿಎಸ್‌ಟಿ ನಂಬರ್ ಹೊಸದು, ಬ್ಯಾಂಕ್ ಖಾತೆಯೂ ಹೊಸದು. ಅಷ್ಟೆಲ್ಲ ಕಿತ್ತು ಕಟ್ಟುವ ಮೊದಲು ಒಂದೇ ವ್ಯವಹಾರಕ್ಕೆ ಜತೆಯಾಗಿ ನೋಡಿ. ದೀಪಾವಳಿಯ ಬಟ್ಟೆ ಸರಕಿಗಷ್ಟೇ ಅಂತ ಬರೆದುಕೊಳ್ಳಲು ಕಾಯ್ದೆಯ 8ನೇ ಕಲಮು ಬಿಡುತ್ತದೆ. ಆ ಕೆಲಸ ಮುಗಿದರೆ ಪಾಲುದಾರಿಕೆಯೂ ತಾನಾಗಿ ಮುಗಿಯುತ್ತದೆ. ಲೆಕ್ಕ ಕೂಡಿದರೆ ದೊಡ್ಡ ಡೀಡಿನ ಮಾತಾಡೋಣ. ಕೂಡದಿದ್ದರೆ ಉಳಿದ ಸೀರೆ ಹಂಚಿಕೊಂಡು ಎದ್ದರಾಯಿತು.